ಮಡ್‌ಗಾರ್ಡಿನ ಮೇಲೆ ಕೂರುವ ಜನ

ಟ್ರ್ಯಾಕ್ಟರಿಗೆ ಒಂದೇ ಸೀಟು ಎಂದು ಅದನ್ನು ತಯಾರಿಸಿದವರು ತಿಳಿದಿದ್ದಾರೆ. ಅದು ಅವರ ತಿಳಿವಳಿಕೆ. ನಮ್ಮ ಸೀಮೆಯ ಲೆಕ್ಕದಲ್ಲಿ ಅದಕ್ಕೆ ಮೂರು ಸೀಟು. ನಡುವೆ ಓಡಿಸುವವನಿಗೊಂದು, ಎಡಬಲದ ಮಡ್‌ಗಾರ್ಡುಗಳ ಮೇಲೆ ಗೌರವಾನ್ವಿತರಿಗೆ ಎರಡು. ನನ್ನ ಸ್ವಂತ ಸೋದರಮಾವ ಕನಕಪುರದ ಆಸ್ಪತ್ರೆಗೆ ಹೋದದ್ದು ಮಡ್‌ಗಾರ್ಡಿನ ಮೇಲೆ. ಗುಣವಾಗಿ, ಇನ್ನೂ ಸ್ವಲ್ಪ ದಪ್ಪಗಾಗಿ ಹಿಂತಿರುಗಿದ್ದೂ ಮಡ್‌ಗಾರ್ಡಿನ ಮೇಲೆಯೇ. ಹೀಗಾಗಿ ಚಕ್ರದ ಮೇಲೆ ಬಾಗಿದ ತಗಡನ್ನು ಕಂಡರೆ ನಮ್ಮವರು ಕೂರುತ್ತಾರೆ. ಅದರಲ್ಲಿ ದುರುದ್ದೇಶವಿಲ್ಲ. ಅದೊಂದು ಸಂಸ್ಕಾರ.

ಈ ಸಂಸ್ಕಾರ ಒಂದು ಕುದುರೆ ಟ್ರೇಲರಿನ ಮೇಲೆ ಪ್ರಯೋಗವಾಗಿ, ಅದರಿಂದ ಒಂದು ಹೆಣ್ಣುಕುದುರೆಯ ಹೆರಿಗೆಗೇ ಸಂಚಕಾರ ಬಂದದ್ದನ್ನು ಹೇಳಬೇಕಾಗಿದೆ.

ನಾನು ಕನಕಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಗಾಜಿನ ಗೂಡಿನಲ್ಲಿ ಕುಳಿತು, ಸಾತನೂರಿಗೆ ಹೋಗುವವರು ಸಾತನೂರಿಗೂ ಹಾರೋಹಳ್ಳಿಗೆ ಹೋಗುವವರು ಹಾರೋಹಳ್ಳಿಗೂ ಹೋಗುವಂತೆ ಕೂಗಿ ಹೇಳುವುದು ನನ್ನ ಹೊಣೆಯಾಗಿತ್ತು. ನಿವೃತ್ತನಾದ ಮೇಲೆ ಅಕ್ಕನ ಮಗ ನನ್ನನ್ನು ಕೈಲಾಂಚದ ಬಳಿಯ ತನ್ನ ತೋಟಕ್ಕೆ ಕರೆಸಿಕೊಂಡ. ಹಿಪ್ಪುನೇರಳೆ ಬೆಳೆಯುತ್ತಿದ್ದ ಜಮೀನಿನಲ್ಲಿ ಅವನು ನಾಲ್ಕು ಕುದುರೆ ಕಟ್ಟಿದ್ದ. ಶನಿವಾರ, ಭಾನುವಾರ ಬೆಂಗಳೂರಿನ ಮಕ್ಕಳು ಬಂದು ಕುದುರೆ ಸವಾರಿ ಕಲಿಯುತ್ತಿದ್ದರು; ಅವರ ತಂದೆತಾಯಿಗಳು ಬೇಲಿಯ ಆಚೆ ನಿಂತು ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದರು. ನನಗೆ ಮ್ಯಾನೇಜರ್ ಎಂಬ ಹುದ್ದೆ ದೊರೆಯಿತು. ಕುದುರೆಗೆ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ತಿಳಿದಿರುವುದೇ ಅದಕ್ಕೆ ಬೇಕಾದ ಅರ್ಹತೆ. ಹಿಂಭಾಗದ ಜ್ಞಾನ ನನಗೆ ಮೊದಲ ವಾರದಲ್ಲೇ, ತೊಡೆಯ ಮೇಲೆ, ಲಭಿಸಿತು.

ಕುದುರೆಗಳ ನಿಜವಾದ ಆಡಳಿತ ಇದ್ದದ್ದು ಸೈಸನ ಕೈಯಲ್ಲಿ. ಮೇವು ಹಾಕಿ, ಮೈ ಉಜ್ಜಿ, ಲಾಯ ಗುಡಿಸುವವನು ಅವನೇ. ಸಾತನೂರು ಕಡೆಯವನು, ಬೆಂಗಳೂರಿನ ರೇಸು ಕುದುರೆಗಳ ಲಾಯದಲ್ಲಿ ಪಳಗಿ ಬಂದವನು. ಮನುಷ್ಯರೊಂದಿಗೆ ಅವನ ಮಾತು ಕಡಿಮೆ. ಹಾಗೆ ಉಳಿತಾಯವಾದ ಮಾತನ್ನೆಲ್ಲ ಬೂದು ಬಣ್ಣದ ಹೆಣ್ಣುಕುದುರೆಯೊಂದಕ್ಕೆ ಖರ್ಚು ಮಾಡುತ್ತಿದ್ದ. ಆ ಕುದುರೆ ಗಬ್ಬವಾಗಿತ್ತು. ಹಿಂದಿನ ಸಲ ಹೆರಿಗೆ ಕಷ್ಟವಾಗಿ, ಮಾಗಡಿ ಕಡೆಯಿಂದ ಕುದುರೆ ಡಾಕ್ಟರು ಬಂದು ಮುಟ್ಟುವಷ್ಟರಲ್ಲಿ ಮರಿ ಹೋಗಿಬಿಟ್ಟಿತ್ತು. ಸೈಸ ಅದನ್ನು ಮಾವಿನ ಮರದ ಬುಡದಲ್ಲಿ ಹೂತು, ಆಮೇಲೆ ಬಹಳ ದಿನ ಕುದುರೆಯ ಜೊತೆಗೂ ಮಾತು ಬಿಟ್ಟಿದ್ದ. ಈ ಸಲ ಹಾಗಾಗಬಾರದೆಂದು, ದಿನ ಹತ್ತಿರವಾದ ಕೂಡಲೇ ಅವಳನ್ನು ಆ ಡಾಕ್ಟರು ಇರುವ ಫಾರಂಗೇ ಒಯ್ದುಬಿಡುವುದೆಂದು ತೀರ್ಮಾನವಾಗಿತ್ತು.

ಒಯ್ಯಲು ಟ್ರೇಲರ್ ಇತ್ತು. ಹಾರೋಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ನನ್ನ ಈ ಸೋದರಳಿಯ ಆಸೆಪಟ್ಟು ಕಟ್ಟಿಸಿದ್ದು. ಜೀಪಿನ ಹಿಂದೆ ಸಿಕ್ಕಿಸುವ ಎರಡು ಚಕ್ರದ ಪೆಟ್ಟಿಗೆ. ಭಾರ ಕಡಿಮೆಯಾಗಲೆಂದು ಮೈಯೆಲ್ಲ ಅಲ್ಯೂಮಿನಿಯಂ, ಮಡ್‌ಗಾರ್ಡುಗಳೂ ಅಲ್ಯೂಮಿನಿಯಂ. ಬಿಸಿಲು ಬಿದ್ದರೆ ಮದುವೆಮನೆಯ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಬಿಸಿಲು ಬೀಳದಿರಲೆಂದೇ ಅದನ್ನು ಗೇಟಿನ ಹೊರಗಿನ ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿದ್ದರು.

ಹೊಂಗೆ ಮರದ ಎದುರಿಗೆ ಊರಿನ ಹಾಲಿನ ಡೈರಿ.

ಇನ್ನು ಹೇಳುವುದೇನಿದೆ! ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬಂದವರು ಸರದಿಗಾಗಿ ಕಾಯಬೇಕು. ಕಾಯುವವರಿಗೆ ನೆರಳು ಬೇಕು. ನೆರಳಿನಲ್ಲಿ ಸೊಂಟದೆತ್ತರಕ್ಕೆ, ನುಣ್ಣಗೆ, ತಣ್ಣಗೆ, ದೇವರೇ ಕಳಿಸಿದ ಹಾಗೆ ಎರಡು ಮಡ್‌ಗಾರ್ಡು. ನಾನು ಒಂದೆರಡು ಸಲ ಆಕ್ಷೇಪಿಸಿದೆ. ಡೈರಿ ಸೆಕ್ರೆಟರಿ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ಬನ್ನಿ ಕಂಟ್ರೋಲ್ರೇ, ನೀವೂ ಕೂತ್ಕಳಿ, ಜಾಗ ಐತೆ" ಎಂದು ಸರಿದರು. ಸೆಕ್ರೆಟರಿ ತೂಕದ ಮನುಷ್ಯ, ಮಾತಿನಲ್ಲೂ ಹೌದು, ಮೈಯಲ್ಲಿ ಅದಕ್ಕಿಂತ ಮೊದಲೇ ಹೌದು. ಅವರು ಅಷ್ಟು ಪ್ರೀತಿಯಿಂದ ಕರೆದ ಮೇಲೆ ನಾನೂ ಕೂತೆ ಎಂಬುದನ್ನು ಚರಿತ್ರೆಯ ಸಲುವಾಗಿ ಹೇಳಿಬಿಡುತ್ತೇನೆ.

ಒಂದು ಬೆಳಿಗ್ಗೆ ಸೈಸ ಲಾಯದಿಂದ ಓಡಿ ಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಕೆಚ್ಚಲು ಬುಟ್ಟವಳೆ ಸಾ. ಮೊಲೆತೊಟ್ಟಲ್ಲಿ ಮೇಣ ಕಟ್ಟೈತೆ. ಇವತ್ತೇ ಹೊರಡ್ಬೇಕು."

ಡೈರಿಯ ಸರದಿಯಲ್ಲಿದ್ದವರೆಲ್ಲ ಇದನ್ನು ಕೇಳಿ ಎದ್ದರು. ಹಸು, ಎಮ್ಮೆಗಳ ವಿಷಯದಲ್ಲಿ ಅವರೆಲ್ಲ ಪಂಡಿತರು. ಕುದುರೆಯೂ ನಾಲ್ಕು ಕಾಲಿನದೇ ಆದ್ದರಿಂದ ತಮ್ಮ ಅಭಿಪ್ರಾಯವನ್ನು ತಡೆಹಿಡಿಯಲಿಲ್ಲ. ಅವರು ಎದ್ದ ಮೇಲೆಯೇ ನಮಗೆ ಮಡ್‌ಗಾರ್ಡುಗಳ ದರ್ಶನವಾದದ್ದು. ಎರಡೂ ಹದವಾಗಿ ತಗ್ಗಾಗಿ, ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಹಾಗೆ ಕೂರುವವರ ಆಕಾರಕ್ಕೆ ಬಂದಿದ್ದವು. ಅಳಿಯ ಜೀಪು ಸಿಕ್ಕಿಸಿ ಖಾಲಿ ಟ್ರೇಲರನ್ನು ಹತ್ತು ಮಾರು ಎಳೆದ. ತಗಡು ಟೈರಿಗೆ ತಗುಲಿ ಕಿರ್ರೆಂದಿತು, ರಬ್ಬರು ಸುಟ್ಟ ವಾಸನೆ ಎದ್ದಿತು.

ಲಾಯದೊಳಗಿಂದ ಅವಳು ಒದ್ದ ಸದ್ದು ಕೇಳಿಸಿತು.

ಈ ಕುದುರೆಗೆ ಸದ್ದಾಗದು. ಒಮ್ಮೆ ಲಾರಿಗೆ ಹತ್ತಿಸಲು ಹೋಗಿ, ಹಲಗೆಯ ಸದ್ದಿಗೆ ಬೆದರಿ ಕಾಲು ತರಚಿಕೊಂಡಿದ್ದಳು. ಆಮೇಲೆ ಈ ಟ್ರೇಲರ್ ಒಂದನ್ನೇ, ಅದೂ ಸೈಸ ಪಕ್ಕದಲ್ಲಿದ್ದರೆ, ಒಪ್ಪಿದ್ದಳು. ಮಡ್‌ಗಾರ್ಡು ಬಿಚ್ಚಿಯೇ ಹೊರಡೋಣವೆಂದು ಅಳಿಯ ಒಂದನ್ನು ಬಿಚ್ಚಿ ನೋಡಿದ. ಚಕ್ರ ಎಸೆದ ಜಲ್ಲಿಕಲ್ಲು ಟ್ರೇಲರಿನ ಗೋಡೆಗೆ ಪಟಪಟನೆ ಬಡಿದು ನಾವೇ ಬೆಚ್ಚಿದೆವು; ಅದನ್ನು ಮತ್ತೆ ಸಿಕ್ಕಿಸಿದ್ದಾಯಿತು. ಶೆಡ್ಡಿಗೆ ಫೋನು ಮಾಡಿದರೆ, ಹೊಸ ಮಡ್‌ಗಾರ್ಡು ಬೇಕಾದರೆ ಮುಂದಿನ ತಿಂಗಳು ಎಂದರು. ಮುಂದಿನ ತಿಂಗಳು ಎಂದು ಕುದುರೆಗೆ ಹೇಳುವವರು ಯಾರು?

ಇಂಥ ಹೊತ್ತಿನಲ್ಲಿ ನಮ್ಮೂರಿನವರು ಕೈಕಟ್ಟಿ ಕೂರುವುದಿಲ್ಲ, ಕೂತಿದ್ದರೆ ಚೆನ್ನಾಗಿತ್ತು. ಸೆಕ್ರೆಟರಿ ಒಂದು ಹಾರೆ ತರಿಸಿ, "ಒಂದೇ ಮೀಟು ಸಾಕು ಕಣ್ರಲಾ" ಎಂದು ಬಲಗಡೆಯದರ ಕೆಳಗೆ ತೂರಿಸಿ ಮೀಟಿದರು. ತಗಡು ಮೇಲೇಳಲಿಲ್ಲ. ಹಪ್ಪಳ ಮುರಿದಂತೆ ಸದ್ದಾಗಿ, ಅಂಚಿನಿಂದ ಒಳಕ್ಕೆ ಗೇಣುದ್ದ ಸೀಳಿತು. ಸೆಕ್ರೆಟರಿ ಹಾರೆಯನ್ನು ಅದರದೇ ತಪ್ಪೆಂಬಂತೆ ದಿಟ್ಟಿಸಿ ನೋಡಿ ಕೆಳಗಿಟ್ಟರು. ಸೈಸ ಲಾಯದೊಳಕ್ಕೆ ಹೋಗಿ ಕುದುರೆಯ ಕುತ್ತಿಗೆಗೆ ಹಣೆಯಿಟ್ಟು ನಿಂತ.

ಆಗ ನನಗೆ ಮೇಸ್ತ್ರಿಯ ನೆನಪಾಯಿತು.

ಈ ಮೇಸ್ತ್ರಿ ರಾಮನಗರದವನು. ಮನೆತನ ರೇಷ್ಮೆ ನೂಲು ತೆಗೆಯುವವರದು. ಇವನೊಬ್ಬ ತಗಡಿನ ಹುಚ್ಚಿಗೆ ಬಿದ್ದು ಖಾಸಗಿ ಬಸ್ಸುಗಳಿಗೆ ಮೈ ಕಟ್ಟುವ ಶೆಡ್ಡು ಸೇರಿದ್ದ. ನಾನು ನಿಲ್ದಾಣದಲ್ಲಿದ್ದಾಗ ಆಗಾಗ ಬರುತ್ತಿದ್ದ, ಬಸ್ಸು ಹತ್ತುವುದಕ್ಕಲ್ಲ, ಬಸ್ಸು ಬೈಯುವುದಕ್ಕೆ. ನಿಂತ ಬಸ್ಸಿನ ಪಕ್ಕೆಯಲ್ಲಿ ಎಲ್ಲಾದರೂ ಬಡಿದು ನೇರ ಮಾಡಿದ ಗುರುತು ಕಂಡರೆ ಪ್ರಯಾಣಿಕರನ್ನೆಲ್ಲ ಸೇರಿಸಿ, "ನೋಡಿ ಇಲ್ಲಿ! ಇದು ಡೆಂಟ್ ತೆಗ್ದಿರೋದಾ? ಇದು ರೊಟ್ಟಿ ತಟ್ಟಿರೋದು!" ಎಂದು ಉಪನ್ಯಾಸ ಕೊಡುತ್ತಿದ್ದ. ವಿನಯವೆಂಬ ಗುಣ ಅವನ ಬಳಿ ಸುಳಿದದ್ದನ್ನು ನಾನು ಕಂಡಿಲ್ಲ. ಅದು ಬೇಕಾಗಿಯೂ ಇರಲಿಲ್ಲ.

ಫೋನಿನಲ್ಲಿ ವಿಷಯ ಹೇಳಿದೆ. "ಹಾರೆ ಹಾಕಿದ್ರಾ?" ಎಂದು ಕೇಳಿದ. ಹೌದೆಂದೆ. ಸಾವಿನ ಸುದ್ದಿ ಕೇಳಿದವರ ಹಾಗೆ ಲೊಚಗುಟ್ಟಿದ. ಆಮೇಲೆ, "ಯಾರೂ ಮುಟ್ಬೇಡಿ. ಬತ್ತಾ ಇದೀನಿ."

ಸ್ಕೂಟರಿನಲ್ಲಿ ಬಂದಿಳಿದ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚರ್ಮದ ಚೀಲ. ಮೊದಲು ಎರಡೂ ಮಡ್‌ಗಾರ್ಡುಗಳನ್ನು ಬಿಚ್ಚಿಸಿ ನೆರಳಲ್ಲಿ ಗೋಣಿತಾಟಿನ ಮೇಲೆ ಮಲಗಿಸಿ, ನಾಡಿ ನೋಡುವ ವೈದ್ಯನಂತೆ ಅಂಗೈಯಿಂದ ಸವರಿದ. ಸುತ್ತ ಡೈರಿಯ ಜನ ಸೇರಿದ್ದರು.

"ಇಲ್ಲಿ ಸಣಕಲು ಆಳುಗಳು, ಇಬ್ರು. ಇಲ್ಲಿ ಬೀಡಿ ಉಜ್ಜವ್ರೆ," ಎಂದು ಶುರು ಮಾಡಿದ. ಕೈ ಎಡಗಡೆಯದರ ದೊಡ್ಡ ಗುಂಡಿಗೆ ಬಂತು. "ಇದು ಭಾರಿ ಆಸಾಮಿ. ದಿನಾ ಇಲ್ಲೇ ಕೂರೋರು. ಎಡಕ್ಕೆ ವಾಲಿ ಕೂರ್ತಾರೆ. ಪಾಪ, ಬಲಗಡೆ ಸೊಂಟ ನೋವಿರಬೇಕು."

ಎಲ್ಲರೂ ಸೆಕ್ರೆಟರಿಯವರತ್ತ ತಿರುಗಿದರು. ಬಲಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಸೆಕ್ರೆಟರಿ ಮೆಲ್ಲಗೆ ಕೈ ತೆಗೆದರು.

"ಏನಣ್ಣೋ, ನಿನ್ನ ಜಾತಕವೇ ಬಂದ್ಬುಡ್ತಲ್ಲೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸುಮ್ಕಿರ್ಲಾ," ಎಂದರು ಸೆಕ್ರೆಟರಿ.

ಮೇಸ್ತ್ರಿ ಒಂದು ಸೋಪು ಕೇಳಿದ. ಸೈಸ ಲಾಯದಿಂದ ತನ್ನ ಮೈಸೋಪು ತಂದುಕೊಟ್ಟ. "ಇದಲ್ಲಪ್ಪ, ಬಟ್ಟೆ ಸೋಪು. ನಾನೇನು ಇದಕ್ಕೆ ಮದುವೆ ಮಾಡ್ತಾ ಇದೀನಾ?" ಬಟ್ಟೆ ಸೋಪು ಬಂತು. ಮಡ್‌ಗಾರ್ಡನ್ನು ತೊಳೆದೊರೆಸಿ, ಗುಂಡಿಬಿದ್ದ ಜಾಗಕ್ಕೆಲ್ಲ ಒಣ ಸೋಪನ್ನು ಬಳಪದಂತೆ ಉಜ್ಜಿದ. ತಗಡು ಕಾಯಿಸುವ ಗ್ಯಾಸಿನ ದೀಪ ಹೊತ್ತಿಸಿ, ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ, ಮಗುವಿಗೆ ಬೀಸಣಿಗೆ ಬೀಸುವವರ ಹಾಗೆ ಆಡಿಸತೊಡಗಿದ.

"ಕಬ್ಬಿಣ ಒಳ್ಳೇದು," ಎಂದ ನನಗೆ. "ಕಾದ್ರೆ ಕೆಂಪಾಗಿ ಹೇಳ್ತದೆ, ಅಪ್ಪಾ, ನಾನು ಕಾದಿವ್ನಿ ಅಂತ. ಇದು ಹೇಳಲ್ಲ. ಬೆಳ್ಳಗೇ ಇರ್ತದೆ, ಬೆಳ್ಳಗೇ ಇರ್ತದೆ, ಆಮೇಲೆ ಒಂದೇ ಸಲ ತೊಟ್ ಅಂತ ಕರಗಿ ನೆಲಕ್ಕೆ ಬಿದ್ದೋಯ್ತದೆ. ಅದ್ಕೇ ಇದರ ಬಾಯಿ ಸೋಪು. ಸೋಪು ಕಪ್ಪಾದ್ರೆ ತಗಡು ಮೆತ್ತಗಾಯ್ತು ಅಂತ ಅರ್ಥ. ಬಡಿದು ಬಡಿದು, ಕೂತು ಕೂತು ಇದು ಸೆಟೆದುಕೊಂಡೈತೆ. ಸೆಟೆದಿರೋದನ್ನ ಮೀಟಿದ್ರೆ ಸೀಳದೆ ಇನ್ನೇನು ಮಾಡ್ತದೆ?"

ಸೋಪು ಹಳದಿಯಾಯಿತು, ಕಂದಾಯಿತು, ಗಟ್ಟಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ಮೇಸ್ತ್ರಿ ದೀಪ ಆರಿಸಿದ. ಅದುವರೆಗೂ ಮಾತಾಡುತ್ತಿದ್ದ ಗುಂಪು ಆ ಕ್ಷಣದಲ್ಲಿ ಒಟ್ಟಿಗೆ ಉಸಿರುಬಿಟ್ಟಿತು, ಮಂಗಳಾರತಿ ಮುಗಿದ ಹಾಗೆ.

ಬಡಿಯಲು ಕೆಳಗೆ ಮೆತ್ತನೆಯ ಆಸರೆ ಬೇಕು. ಮರಳಿನ ಚೀಲವಾದರೆ ಸರಿ. ಈಗ ಮರಳೆಲ್ಲಿದೆ! ಇರುವುದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಮೇಸ್ತ್ರಿ ಅದನ್ನು ಅಂಗೈಯಲ್ಲಿ ತಿಕ್ಕಿ, "ಇದು ಚುಚ್ತದೆ, ತಗಡಿನ ತುಂಬ ಸಿಡುಬು ಎದ್ದಂಗೆ ಆಯ್ತದೆ" ಎಂದು ಎಸೆದ. ಆಗ ಸೆಕ್ರೆಟರಿ ಮುಂದೆ ಬಂದರು.

"ರಾಗಿ ಆಗ್ತದಾ?"

ಮೇಸ್ತ್ರಿ ಅವರನ್ನೇ ನೋಡಿದ. ಆ ನೋಟದಲ್ಲಿ ಮೊದಲ ಬಾರಿಗೆ ಸ್ವಲ್ಪ ಗೌರವ ಕಾಣಿಸಿತು. "ದುಂಡಗೆ, ಸಣ್ಣಗೆ, ಜಾರ್ತದೆ... ತನ್ನಿ, ನೋಡಾಣ."

ಸೆಕ್ರೆಟರಿ ತಮ್ಮ ಮನೆಯ ಹೊಸ ರಾಗಿಯನ್ನು ದಪ್ಪ ಕ್ಯಾನ್ವಾಸ್ ಚೀಲಕ್ಕೆ ತುಂಬಿಸಿ ತಾವೇ ಹೊತ್ತು ತಂದರು. ಹಾರೆಯ ಪ್ರಾಯಶ್ಚಿತ್ತಕ್ಕೆ ಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ವಿಧಿ ಇರಲಾರದು. ಅದೇ ರಾಗಿಯನ್ನು ಆಮೇಲೆ ಬೀಸಿಸಿ ಮುದ್ದೆ ಮಾಡಿಸಿದರಂತೆ. ಮುದ್ದೆ ಅಷ್ಟು ನಯವಾಗಿ ಯಾವತ್ತೂ ಆಗಿರಲಿಲ್ಲವೆಂದು ಈಗಲೂ ಹೇಳುತ್ತಾರೆ.

ಚೀಲದಿಂದ ಮೇಸ್ತ್ರಿ ಸುತ್ತಿಗೆ ತೆಗೆದದ್ದೇ ಗುಂಪಿನಲ್ಲಿ ನಗು. ಅದು ಮರದ ಸುತ್ತಿಗೆ, ತಲೆ ಕೋಳಿಮೊಟ್ಟೆಯಂತೆ ದುಂಡು, ಹಿಡಿಗೆ ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅವನ ಹೆಂಡತಿಯ ಅಣ್ಣ ಕಡೆದುಕೊಟ್ಟದ್ದು.

"ಏನ್ ಮೇಸ್ತ್ರಿ, ಮಗೀನ ಗಿಲಕಿ ತಂದ್ಬುಟ್ಟಿದೀರಿ?"

"ಹೂಂ. ನಿಮ್ಮಂಥ ಮಕ್ಕಳು ಮಾಡಿರೋ ಕೆಲಸಕ್ಕೆ ಇದೇ ಸರಿ," ಎಂದ, ತಲೆಯೆತ್ತದೆ. "ಆಲೆ ಮರ, ಬೊಂಬೆ ಕಡೆಯೋದು ಇದರಲ್ಲೇ. ಕಬ್ಬಿಣದ ಸುತ್ತಿಗೆ ತಗಡನ್ನ ಕಚ್ತದೆ. ಇದು ಬರೀ ಬುದ್ಧಿ ಹೇಳ್ತದೆ."

ಗುಂಡಿಯ ನಟ್ಟನಡುವೆ ಅವನು ಹೊಡೆಯಲೇ ಇಲ್ಲ. ಮಡ್‌ಗಾರ್ಡನ್ನು ಬೋರಲು ಹಾಕಿ, ಗುಂಡಿಯ ಅಂಚು ಹಿಡಿದು ಸುತ್ತ ಬಡಿಯುತ್ತ ಬಂದ. ಸುತ್ತು ಚಿಕ್ಕದಾಗುತ್ತ ಆಗುತ್ತ ಕೊನೆಗೆ ನಡುವಿಗೆ. "ಗುಡಿ ಸುತ್ತಿ ಆಮೇಲೆ ತಾನೇ ನೀವು ಒಳಗೆ ಹೋಗೋದು? ಹಂಗೆ," ಎಂದ. ಪೆಟ್ಟು ಜೋರಾಗಿಲ್ಲ, ಒಂದರ ಮೇಲೊಂದು ಅರ್ಧ ಅರ್ಧ ಬೀಳುವಂತೆ, ಒಂದೇ ಲಯ. ನಡುನಡುವೆ ಕಣ್ಣು ಮುಚ್ಚಿ ಬೆರಳಿನಿಂದ ಸವರಿ ನೋಡುತ್ತಿದ್ದ. ಬಸ್ಸುಗಳ ಬಗ್ಗೆ ಅಷ್ಟು ವರ್ಷ ಕಿರುಚಾಡಿದ ಮನುಷ್ಯ ಕೆಲಸಕ್ಕೆ ಕೂತಾಗ ಇಷ್ಟು ಮೌನಿಯಾಗುತ್ತಾನೆಂದು ನಾನು ಎಣಿಸಿರಲಿಲ್ಲ. ಜಂಬವೆಲ್ಲ ಬಾಯಲ್ಲಿತ್ತು, ಕೈಗೆ ಅದು ಇಳಿದಿರಲಿಲ್ಲ. ನಾನು ನೋಡುತ್ತಿದ್ದ ಹಾಗೇ ಸೆಕ್ರೆಟರಿಯವರ ಆಕಾರ ತಗಡಿನಿಂದ ಮೆಲ್ಲಮೆಲ್ಲಗೆ ಮರೆಯಾಗಿ, ಕೊನೆಗೆ ಅಲ್ಲಿ ಯಾರೂ ಕೂತೇ ಇರಲಿಲ್ಲವೇನೋ ಎನ್ನುವಂತಾಯಿತು. ಸೆಕ್ರೆಟರಿ ಇದನ್ನು ಸ್ವಲ್ಪ ದುಃಖದಿಂದಲೇ ನೋಡಿದರೆಂದು ನನ್ನ ಅನುಮಾನ.

ಸೀಳಿನ ತುದಿಗೆ ಸಣ್ಣದೊಂದು ತೂತು ಕೊರೆದ. ತೂತಿರುವುದನ್ನು ಮುಚ್ಚಲು ಕರೆಸಿದರೆ ಇವನು ಇನ್ನೊಂದು ತೂತು ಮಾಡುತ್ತಿದ್ದಾನಲ್ಲ ಎಂದು ಅಳಿಯ ಗಾಬರಿಯಾದ. "ಸೀಳು ಓಡ್ತಾ ಇರ್ತದೆ. ಗುಂಡಗಿನ ತೂತು ಸಿಕ್ಕಿದ್ರೆ ಅಲ್ಲಿ ನಿಂತ್ಕತ್ತದೆ, ಮುಂದಕ್ಕೆ ದಾರಿ ಗೊತ್ತಾಗಲ್ಲ," ಎಂದ ಮೇಸ್ತ್ರಿ. ಮೇಲೆ ಹಳೆಯ ಬಸ್ಸಿನ ತಗಡಿನ ತೇಪೆಯಿಟ್ಟು ರಿವೆಟ್ ಬಡಿದ. ಮಡ್‌ಗಾರ್ಡು ಕೂರುವಲ್ಲೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಬಿಗಿದ. ಜೀಪು ಟ್ರೇಲರನ್ನು ಎಳೆದು ಒಂದು ಸುತ್ತು ಬಂತು. ಟೈರಿಗೆ ತಾಗಲಿಲ್ಲ, ಸದ್ದಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಅದನ್ನು ತನಗೆ ಬರಬೇಕಾದ ಬಾಕಿ ಎಂಬಂತೆ ಸ್ವೀಕರಿಸಿದ.

"ಈ ಜಿಲ್ಲೇಲಿ ಅಲ್ಯೂಮಿನಿಯಂ ನನ್ನೊಬ್ಬನ ಮಾತು ಕೇಳ್ತದೆ ಕಂಟ್ರೋಲ್ರೇ."

ಸೈಸ ಕುದುರೆಯನ್ನು ಕರೆತಂದ. ಹೊಟ್ಟೆ ಭಾರದಿಂದ ಅವಳು ನಿಧಾನವಾಗಿ ಹೆಜ್ಜೆಯಿಡುತ್ತ ಟ್ರೇಲರಿಗೆ ಹತ್ತುವ ಹಲಗೆಯ ತನಕ ಬಂದಳು. ಒಂದು ಕಾಲು ಹಲಗೆಯ ಮೇಲಿಟ್ಟಳು. ಟ್ರೇಲರ್ ಒಂದಿಷ್ಟು ಅಲುಗಿತು. ಅವಳ ಬಲಗಿವಿ ಆ ಕಡೆಯ ಚಕ್ರದತ್ತ ತಿರುಗಿತು. ಕಾಲು ಹಿಂದಕ್ಕೆ ತೆಗೆದಳು.

ಸೈಸ ಪುಸಲಾಯಿಸಿದ. ಮತ್ತೆ ಕಾಲಿಟ್ಟಳು, ಮತ್ತೆ ಅದೇ ಕಿವಿ, ಮತ್ತೆ ಹಿಂದಕ್ಕೆ. ಕತ್ತಿನಲ್ಲಿ ಬೆವರೊಡೆಯಿತು. ಅಳಿಯ ಗಡಿಯಾರ ನೋಡಿದ. "ಹಿಂದಿಂದ ಒಸಿ ತಳ್ಳಾಣ್ವಾ?" ಎಂದು ಯಾರೋ ಅಂದರು. ಸೈಸ ಕುದುರೆಗೂ ಅವರಿಗೂ ನಡುವೆ ಬಂದು ನಿಂತ. "ತಳ್ಳಿದ್ರೆ ಮರಿ ಹೋಯ್ತದೆ," ಎಂದ, ಅಷ್ಟೇ.

"ಸದ್ದಿಲ್ವಲ್ಲ ಮೇಸ್ತ್ರಿ, ಕುದುರೆಗೇ ಭ್ರಮೆ," ಎಂದರು ಸೆಕ್ರೆಟರಿ, ಅವನ ಪರವಾಗಿ.

ಆ ಮಾತಿಗೆ ಮೇಸ್ತ್ರಿ ಹೂಂ ಎಂದಿದ್ದರೆ ನಮ್ಮಲ್ಲಿ ಯಾರೂ ಅವನನ್ನು ತಪ್ಪು ತಿಳಿಯುತ್ತಿರಲಿಲ್ಲ. ನಾವೆಲ್ಲ ಕಿವಿಗೊಟ್ಟು ಕೇಳಿದ್ದೆವು, ಏನೂ ಇರಲಿಲ್ಲ. ಆದರೆ ಮನುಷ್ಯಮಾತ್ರದವರ ಆಕ್ಷೇಪವನ್ನು ಜನ್ಮದಲ್ಲಿ ಒಪ್ಪದ ಆ ಜಂಬದ ಮನುಷ್ಯ ಕುದುರೆಯ ಬಲಗಿವಿಯನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಕಾಲು ಇಡ್ಸಪ್ಪ," ಎಂದ ಸೈಸನಿಗೆ. ಇಸ್ತ್ರಿ ಅಂಗಿಯಲ್ಲೇ ಬಲಚಕ್ರದ ಪಕ್ಕ ನೆಲದ ಮೇಲೆ ಮಲಗಿ, ಮಡ್‌ಗಾರ್ಡಿಗೆ ಕೆನ್ನೆ ಒತ್ತಿದ. ಅವಳು ಕಾಲಿಟ್ಟಳು. ಮೇಸ್ತ್ರಿ ಮಲಗಿದಲ್ಲೇ ಕೈಯೆತ್ತಿದ.

"ಅವಳು ಹೇಳೋದು ಸರಿ."

ತೇಪೆಯ ಒಂದು ರಿವೆಟ್ಟು ಕೂದಲೆಳೆಯಷ್ಟು ಸಡಿಲವಿತ್ತಂತೆ. ನಮಗೆ ಬೆರಳಿಟ್ಟು ತೋರಿಸಿದ ಮೇಲೂ ಗೊತ್ತಾಗಲಿಲ್ಲ. ಅದನ್ನು ಕೊರೆದು ತೆಗೆದು, ಹೊಸದು ಹಾಕಿ, ಕುದುರೆಗೆ ಕಾಣುವಂತೆ ಎದ್ದುನಿಂತು, "ಈಗ ನೋಡಮ್ಮ" ಎಂದ.

ಅವಳು ಕಾಲಿಟ್ಟಳು. ಟ್ರೇಲರ್ ಅಲುಗಿತು. ಕಿವಿ ತಿರುಗಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನಾನು ಬಸ್ ನಿಲ್ದಾಣದಲ್ಲಿ ಎಷ್ಟೋ ಇನ್ಸ್‌ಪೆಕ್ಟರುಗಳ ಮುಂದೆ ನಿಂತವನು, ಯಾರೂ ಅಷ್ಟು ಹೊತ್ತು ಕಾಯಿಸಿರಲಿಲ್ಲ. ಆಮೇಲೆ ಕಿವಿ ಮುಂದಕ್ಕೆ ಹೊರಳಿತು. ಎರಡನೆಯ ಕಾಲು, ಮೂರನೆಯದು, ನಾಲ್ಕನೆಯದು. ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿದಳು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೈಸ ಬಾಯ ಮೇಲೆ ಬೆರಳಿಟ್ಟುಕೊಂಡೇ ಅವಳ ಪಕ್ಕಕ್ಕೆ ಹತ್ತಿದ. ಜೀಪು ರಾಮನಗರದ ದಾರಿ ಹಿಡಿದು ಮಾಗಡಿ ಕಡೆಗೆ ಹೊರಟಿತು. ಮೇಸ್ತ್ರಿ ಟ್ರೇಲರ್ ತಿರುವಿನಲ್ಲಿ ಮರೆಯಾಗುವವರೆಗೂ ಒಂದು ಕಿವಿ ಅತ್ತ ಕೊಟ್ಟು ನಿಂತಿದ್ದ. ಬೆನ್ನ ತುಂಬ ಮಣ್ಣು. ಅವನು ಒರೆಸಿಕೊಳ್ಳಲಿಲ್ಲ. ಹೊಂಗೆ ಮರದ ಕೆಳಗೆ ಕೂರಲು ಏನೂ ಉಳಿದಿರಲಿಲ್ಲವಾಗಿ ಎಲ್ಲರೂ ನಿಂತೇ ಇದ್ದೆವು. ಸೆಕ್ರೆಟರಿ ಅಲ್ಲಿಗೊಂದು ಕಲ್ಲುಚಪ್ಪಡಿ ಹಾಕಿಸುವ ಮಾತೆತ್ತಿದ್ದು ಆಗಲೇ. ಹಾಕಿಸಿದರು ಕೂಡ, ಅದು ಇದುವರೆಗೆ ತಗ್ಗಾಗಿಲ್ಲ.

ಮಾರನೆಯ ದಿನ ಮಧ್ಯಾಹ್ನ ಸೈಸನ ಫೋನು ಬಂತು. ಮೇಸ್ತ್ರಿ ಅಂದು ಯಾವ ಕೆಲಸವೂ ಇಲ್ಲದೆ ನಮ್ಮ ತೋಟದ ಕಡೆ "ಹಂಗೇ" ಬಂದು, ನನ್ನೆದುರು ಚಹಾ ಕುಡಿಯುತ್ತ ಕೂತಿದ್ದ.

"ಈದವಳೆ ಸಾ," ಎಂದ ಸೈಸ. ಅವನ ದನಿ ಗುರುತೇ ಸಿಗಲಿಲ್ಲ. "ಹೆಣ್ಣುಮರಿ. ಕಾಲು ಒಸಿ ಅಡ್ಡ ಇತ್ತು, ಡಾಕ್ಟ್ರು ಪಕ್ಕದಲ್ಲೇ ಇದ್ರಲ್ಲ, ಸರಿ ಮಾಡುದ್ರು. ಎದ್ದು ನಿಂತೈತೆ. ಹಾಲು ಕುಡೀತಾ ಐತೆ." ಆಮೇಲೆ, ಜೀವಮಾನದಲ್ಲಿ ನನ್ನೊಡನೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಒಂದೇ ಉಸಿರಿಗೆ ಆಡಿದ. ಮರಿಯ ಹಣೆಯ ಚುಕ್ಕಿ, ಅದರ ಕಾಲುದ್ದ, ಅದು ಬಿದ್ದದ್ದು, ಎದ್ದದ್ದು, ಮತ್ತೆ ಬಿದ್ದದ್ದು.

ನಾನು ಸುದ್ದಿಯನ್ನು ಮೇಸ್ತ್ರಿಗೆ ಹೇಳಿದೆ. ಅವನು ಚಹಾ ಲೋಟ ಕೆಳಗಿಟ್ಟು, ಆಕಾಶದ ಕಡೆ ಒಮ್ಮೆ ನೋಡಿ, ಫೋನು ಇಸಿದುಕೊಂಡ.

"ದಾರೀಲಿ ತಗಡು ಏನಾದ್ರೂ ಸದ್ದು ಮಾಡ್ತಾಪ್ಪ?"

ಆ ಕಡೆಯ ಉತ್ತರ ನನಗೂ ಕೇಳಿಸಿತು. "ಇಲ್ಲ ಮೇಸ್ತ್ರಿ. ರಾಮನಗರ ದಾಟೋ ಹೊತ್ಗೆ ನಿಂತ್ಕಂಡೇ ನಿದ್ದೆ ಹೋಗ್ಬುಟ್ಟಿದ್ಲು."

ಮೇಸ್ತ್ರಿ ಫೋನು ಹಿಂದಕ್ಕೆ ಕೊಟ್ಟ. ತನ್ನ ಬಗ್ಗೆ ಏನಾದರೂ ಹೇಳಿಕೊಳ್ಳುತ್ತಾನೆಂದು ಕಾದೆ. ಅವನು ಲೋಟವನ್ನು ಮತ್ತೆ ಎತ್ತಿಕೊಂಡು, "ನಿದ್ದೇಲೂ ಬಲಗಿವಿ ಚಕ್ರದ ಕಡೆ ತಿರುಗಿತ್ತಾ ಅಂತ ಕೇಳ್ಬೇಕಿತ್ತು" ಎಂದ.